ಹರಿವರಾಸನದ ನಂತರ ಗಾಡಿ ಓಡಿಸಬೇಡಿ





ಇಂದಿನ ಕಂತಿನಲ್ಲಿ ಪಡಿಪೂಜೆಯ ಮಹತ್ವ ಬರೆಯುತ್ತೇನೆ ಎಂದು ಹೇಳಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಕಳೆದ ಶನಿವಾರ ಭಜನೆ ಮುಗಿದ ಮೇಲೆ ನಡೆದ ಒಂದು ಮಾತು ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ಮೊದಲು ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಪ್ರಸಾದ ಹಂಚಿ ಎಲ್ಲರೂ ಹೊರಡುವ ಹೊತ್ತು. ನಮ್ಮ ಶಿಬಿರದ ಒಬ್ಬ ಕನ್ನಿಸ್ವಾಮಿಯ ತಾಯಿ ಹತ್ತಿರ ಬಂದರು. "ಗುರುಸ್ವಾಮಿ, ಇವರು ಏಳು ಜನ ಒಂದು ಗಾಡಿ ಮಾಡಿಕೊಂಡು ಹೊರಟಿದ್ದಾರೆ. ಶುಕ್ರವಾರ ಡ್ಯೂಟಿ ಮುಗಿಸಿ ಬಂದು, ಇರುಮುಡಿ ಕಟ್ಟಿಸಿಕೊಂಡು, ರಾತ್ರಿ ಹನ್ನೊಂದಕ್ಕೆ ಬಿಟ್ಟರೆ ಎರುಮೇಲಿಯವರೆಗೆ ಒಂದೇ ಓಟವಂತೆ. ನನ್ನ ಮಗನೂ ಓಡಿಸ್ತಾನಂತೆ. ದಾರಿಯಲ್ಲಿ ಬರೀ ಲಾರಿಗಳು. ನನಗೆ ಹೆದರಿಕೆ. ಅಯ್ಯಪ್ಪ ಕಾಪಾಡ್ತಾನಲ್ವಾ?" ಎಂದು ಕೇಳಿದರು.

"ಕಾಪಾಡ್ತಾನಮ್ಮ" ಎಂದು ಹೇಳಿ ಕಳುಹಿಸಬಹುದಿತ್ತು. ಬೇರೆ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಏಕೆ ಹೊರಡಲಿಲ್ಲ ಎನ್ನುವುದನ್ನು ಈ ಗುಂಪಿನಲ್ಲಿ ಇಲ್ಲಿಯವರೆಗೆ ಬರೆದಿಲ್ಲ. ಇಂದು ಬರೆಯುತ್ತೇನೆ.

ನಾನು ಮಾಲೆ ಹಾಕಲು ಶುರು ಮಾಡಿ 28 ವರ್ಷವಾಯಿತು. ಹದಿನೆಂಟನೆಯ ವರ್ಷ ತೆಂಗಿನ ಸಸಿ ಹೊತ್ತುಕೊಂಡು ಹೋದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿದೆ. ಅದಕ್ಕೂ ಮೊದಲು ನಾನು ಲಾರಿ ಡ್ರೈವರ್. ಹದಿನೇಳನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಕ್ಲೀನರ್ ಆಗಿ ಸೇರಿ, ಆಮೇಲೆ ಸ್ಟೇರಿಂಗ್ ಹಿಡಿದವನು. ವಡಾಲದಲ್ಲಿ ಲೋಡ್ ತುಂಬಿಸಿಕೊಂಡು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಂಗಳೂರು ಮುಟ್ಟುವುದು ನನ್ನ ಖಾಯಂ ದಾರಿಯಾಗಿತ್ತು.

1996ರ ಡಿಸೆಂಬರ್. ಲಾರಿ ತುಂಬ ಕಬ್ಬಿಣದ ತಗಡು. ಹಾವೇರಿ ದಾಟಿ ರಾಣೆಬೆನ್ನೂರಿನ ಕಡೆಗೆ ಹೋಗುತ್ತಿದ್ದಾಗ ನಡುರಾತ್ರಿ ಹಿಂದಿನ ಟೈರು ಸಿಡಿಯಿತು. ಆಗ ಆ ರಸ್ತೆ ಇನ್ನೂ ಹಳೆಯ ರಾಷ್ಟ್ರೀಯ ಹೆದ್ದಾರಿ 4, ನಡುವೆ ಡಿವೈಡರ್ ಇಲ್ಲದ ಎರಡೇ ಲೇನಿನ ದಾರಿ. ಪಕ್ಕದ ಮಣ್ಣು ಸಡಿಲವಾಗಿತ್ತು. ಪೂರ್ತಿ ಇಳಿಸಿದರೆ ಲೋಡ್ ಸಮೇತ ವಾಲುತ್ತದೆ ಎಂದು ಅರ್ಧ ಲಾರಿಯನ್ನು ಡಾಂಬರಿನ ಮೇಲೆಯೇ ನಿಲ್ಲಿಸಿದೆ. ಹಿಂದಿನ ಲೈಟು ನಾಲ್ಕು ದಿನದಿಂದ ಉರಿಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಒಂದು ಬಲ್ಬಿನ ಕೆಲಸ, ನಾಳೆ ಹಾಕಿಸಿದರಾಯಿತು ಎಂದು ಬಿಟ್ಟಿದ್ದೆ. ಒಂದು ಬೇವಿನ ಕೊಂಬೆ ಮುರಿದು ತಂದು ಹಿಂದೆ ಹತ್ತು ಹೆಜ್ಜೆ ದೂರಕ್ಕೆ ಹಾಕಿ, ನಾಲ್ಕು ಕಲ್ಲು ಇಟ್ಟೆ. ಕ್ಲೀನರ್ ಹುಡುಗನನ್ನು ಟಾರ್ಚ್ ಕೊಟ್ಟು ನಿಲ್ಲಿಸಿದ್ದೆ. ಚಳಿಗೆ ನಡುಗುತ್ತಿದ್ದ. ಪಾಪ ಅನ್ನಿಸಿ "ಬಾ, ಬೆಳಗಾದ ಮೇಲೆ ಟೈರು ಬಿಚ್ಚೋಣ" ಎಂದು ಕ್ಯಾಬಿನ್‌ಗೆ ಹತ್ತಿಸಿಕೊಂಡೆ. ಇಬ್ಬರೂ ಮಲಗಿದೆವು.

ನಾಲ್ಕು ಗಂಟೆಯ ಸುಮಾರಿಗೆ ಸಿಡಿಲು ಬಡಿದಂತಹ ಸದ್ದು. ಇಳಿದು ಹಿಂದೆ ಓಡಿದರೆ ಒಂದು ಅಂಬಾಸಿಡರ್ ಕಾರು ಲಾರಿಯ ಅಡಿಗೆ ನುಗ್ಗಿತ್ತು. ಒಳಗೆ ಕಪ್ಪು ಪಂಚೆ, ಮಾಲೆ. ಶಬರಿಮಲೆಗೆ ಹೊರಟಿದ್ದ ಆರು ಜನ. ಸಂಜೆಯಿಂದ ಗಾಡಿ ಓಡಿಸುತ್ತಿದ್ದವನೂ ಮಾಲಾಧಾರಿಯೇ. ರಸ್ತೆಯ ಮೇಲೆ ಬ್ರೇಕಿನ ಗುರುತು ಒಂದು ಗೆರೆಯಷ್ಟೂ ಇರಲಿಲ್ಲ. ಅವನ ಕಣ್ಣು ಮುಚ್ಚಿತ್ತು, ನನ್ನ ಲೈಟು ಆರಿತ್ತು. ಮುಂದಿನ ಸೀಟಿನಲ್ಲಿದ್ದ ಇಬ್ಬರೂ ಅಲ್ಲೇ ಹೋದರು. ಒಬ್ಬನಿಗೆ ಹತ್ತೊಂಬತ್ತು ವರ್ಷ, ಕನ್ನಿಸ್ವಾಮಿ. ಅವನ ಇರುಮುಡಿ ಬಿಚ್ಚಿಹೋಗಿ ಅಕ್ಕಿ ಡಾಂಬರಿನ ಮೇಲೆ ಚೆಲ್ಲಿತ್ತು.

ನಾನು ಓಡಿಹೋಗಬೇಕು ಎಂದುಕೊಂಡೆ. ಸುಳ್ಳು ಹೇಳುವುದಿಲ್ಲ. ಜನ ಸೇರಿದರೆ ಹೊಡೆದೇ ಕೊಲ್ಲುತ್ತಾರೆ ಎಂಬ ಭಯ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅವರ ಗುರುಸ್ವಾಮಿ ಇಳಿದು ಬಂದರು. ವಯಸ್ಸಾದವರು. ಒಂದು ಕೈ ಮುರಿದು ಜೋತಾಡುತ್ತಿತ್ತು. ನನ್ನ ಮುಖ ನೋಡಿ ಅವರು ಕೇಳಿದ್ದು ಒಂದೇ ಮಾತು: "ಸ್ವಾಮಿ, ನಿಮಗೇನಾದರೂ ಪೆಟ್ಟಾಯಿತಾ?"

ಮಾಲೆ ಇಲ್ಲದ, ವ್ರತ ಗೊತ್ತಿಲ್ಲದ, ಲೈಟು ಹಾಕಿಸದೆ ಅವರ ಹುಡುಗನ ಸಾವಿಗೆ ಕಾರಣನಾದ ನನ್ನನ್ನು ಅವರು ಸ್ವಾಮಿ ಎಂದು ಕರೆದರು. ಓಡಿಹೋಗುವ ಶಕ್ತಿ ಕಾಲಿನಲ್ಲಿ ಉಳಿಯಲಿಲ್ಲ. ನಾನೂ ಕ್ಲೀನರ್ ಹುಡುಗನೂ ಸೇರಿ ಉಳಿದವರನ್ನು ಹೊರಗೆ ತೆಗೆದೆವು. ಕೇಸು ನಡೆಯಿತು. ಅನುಭವಿಸಬೇಕಾದದ್ದನ್ನು ಅನುಭವಿಸಿದೆ. ಮರುವರ್ಷ ಮೊದಲ ಸಲ ಮಾಲೆ ಹಾಕಿದೆ. ಅಂದಿನಿಂದ ಪ್ರತಿ ವರ್ಷ ನನ್ನ ಇರುಮುಡಿಯಲ್ಲಿ ಎರಡು ತುಪ್ಪದ ಕಾಯಿ ಇರುತ್ತವೆ. ಎರಡನೆಯದು ಯಾರದು ಎಂದು ಕೇಳಿದವರಿಗೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅದು ಆ ಹುಡುಗನದು.

ಸ್ವಾಮಿಗಳೇ, ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅಯ್ಯಪ್ಪ ಕಾಪಾಡುವುದಿಲ್ಲವೇ?

2024ರ ಜೂನ್ 28ರ ಬೆಳಗಿನ ಜಾವ, ಅದೇ ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ನಿಂತಿದ್ದ ಲಾರಿಗೆ ಒಂದು ಟೆಂಪೊ ಟ್ರಾವೆಲರ್ ಹಿಂದಿನಿಂದ ಗುದ್ದಿತು. 13 ಜನ ತೀರಿಕೊಂಡರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಕಡೆಯವರು, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು. ಆ ಹೊತ್ತಿಗೆ ನನ್ನ ಕಾಲದ ಎರಡು ಲೇನಿನ ದಾರಿ ಅಗಲವಾಗಿ, ರಾಷ್ಟ್ರೀಯ ಹೆದ್ದಾರಿ 48 ಎಂದು ಹೆಸರೂ ಬದಲಾಗಿತ್ತು. ಬೆಳಗಿನ ಜಾವ, ಕತ್ತಲು, ನಿಂತ ಲಾರಿ ಇವು ಮಾತ್ರ ಬದಲಾಗಿರಲಿಲ್ಲ. ಸುದ್ದಿ ಕೇಳಿದ ದಿನ ನಾನು ಊಟ ಮಾಡಲಿಲ್ಲ.

ಅದಕ್ಕೂ ಮೊದಲು, 2023ರ ಅಕ್ಟೋಬರ್ 26ರ ಮುಂಜಾನೆ, ಚಿಕ್ಕಬಳ್ಳಾಪುರದ ಬಳಿ ಮಂಜು ಕವಿದ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಒಂದು ಸುಮೋ ಗುದ್ದಿ 13 ಜನ ಹೋದರು. ನಮ್ಮ ಮಹಾರಾಷ್ಟ್ರದಲ್ಲಿ, 2022ರ ಆಗಸ್ಟ್ 14ರ ಬೆಳಗಿನ ಐದು ಗಂಟೆಯ ಹೊತ್ತಿಗೆ, ಬೀಡ್ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಮುಂಬಯಿಗೆ ಬರುತ್ತಿದ್ದ ನಾಯಕ ವಿನಾಯಕ ಮೇಟೆಯವರ ಕಾರು ಪುಣೆ ಎಕ್ಸ್‌ಪ್ರೆಸ್‌ವೇಯ ಮಡಪ್ ಸುರಂಗದ ಹತ್ತಿರ ಲಾರಿಗೆ ಗುದ್ದಿ ಅವರು ತೀರಿಕೊಂಡರು. ಹಿರಿಯರಿಗೆ ಇನ್ನೊಂದು ನೆನಪಿರುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಮ್ಮ ಶಂಕರ್‌ನಾಗ್ ಅವರ ಕಾರಿಗೂ ಲಾರಿಗೂ ಅಪಘಾತವಾಯಿತು. ಈ ಮುಂಬಯಿಯಲ್ಲೇ ನಾಟಕ ಮಾಡಿ ಬೆಳೆದವರು, ಮೂವತ್ತೈದು ವರ್ಷ. ಆ ಸುದ್ದಿ ಬಂದ ದಿನ ನಾವು ಡ್ರೈವರುಗಳೆಲ್ಲ ಮಾತಿಲ್ಲದೆ ಕೂತಿದ್ದೆವು.

ಇವರಲ್ಲಿ ಯಾರ ಭಕ್ತಿ ಕಡಿಮೆಯಾಗಿತ್ತು? ಗುಡಿಗೆ ಹೋಗಿ ಬರುತ್ತಿದ್ದ ಎಮ್ಮೆಹಟ್ಟಿಯವರ ಭಕ್ತಿಯನ್ನು ಅಳೆಯಲು ನಾನು ಯಾರು? ಆದ್ದರಿಂದ "ನಂಬಿಕೆ ಇದ್ದರೆ ಏನೂ ಆಗುವುದಿಲ್ಲ" ಎಂಬ ಮಾತನ್ನು ನಾನು ಆಡುವುದಿಲ್ಲ. ಅದು ಸತ್ತವರಿಗೆ ಮಾಡುವ ಅವಮಾನ.

ಹಾಗಾದರೆ ಅಯ್ಯಪ್ಪ ಹೇಗೆ ಕಾಪಾಡುತ್ತಾನೆ? ಸನ್ನಿಧಾನದಲ್ಲಿ ರಾತ್ರಿ ಏನು ನಡೆಯುತ್ತದೆ ಎನ್ನುವುದನ್ನು ನೆನೆಸಿಕೊಳ್ಳಿ. ಲಕ್ಷ ಜನ ಸಾಲಿನಲ್ಲಿ ನಿಂತಿರಲಿ, ಎಷ್ಟೇ ದೂರದಿಂದ ಬಂದಿರಲಿ, ರಾತ್ರಿ ಹರಿವರಾಸನಂ ಹಾಡಿ ನಡೆ ಮುಚ್ಚುತ್ತಾರೆ. ಸ್ವಾಮಿಯನ್ನು ಮಲಗಿಸುತ್ತಾರೆ. ಇನ್ನೂ ಹತ್ತು ಸಾವಿರ ಜನ ಕಾಯುತ್ತಿದ್ದಾರೆ, ಇವತ್ತೊಂದು ರಾತ್ರಿ ಬೇಡ ಎಂದು ಯಾರೂ ಹೇಳುವುದಿಲ್ಲ. ಆ ಹಾಡು ಕೇಳುತ್ತ ನಾವೂ ಕಣ್ಣೀರು ಹಾಕುತ್ತೇವೆ. ಜಗತ್ತನ್ನು ಕಾಯುವವನಿಗೇ ವಿಶ್ರಾಂತಿ ಬೇಕು ಎಂದು ಒಪ್ಪುವ ನಾವು, ಏಳು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದು ಕೂತ ಡ್ರೈವರಿಗೆ "ಇನ್ನೊಂದು ಟೀ ಕುಡಿ, ಹೋಗೋಣ" ಎನ್ನುತ್ತೇವೆ. ಇದು ಯಾವ ವ್ರತ?

ಇನ್ನೊಂದು ವಿಷಯ ಯೋಚಿಸಿ. ನಲವತ್ತೊಂದು ದಿನ ನಾವು ನೆಲದ ಮೇಲೆ ಮಲಗುತ್ತೇವೆ. ನಾಲ್ಕು ಗಂಟೆಗೆದ್ದು ತಣ್ಣೀರು ಸ್ನಾನ. ಮುಂಬಯಿಯ ಲೋಕಲ್ ಹಿಡಿದು ಕೆಲಸಕ್ಕೆ ಓಡಾಟ, ರಾತ್ರಿ ಭಜನೆ. ನಿದ್ದೆ ಮೊದಲೇ ಕಡಿಮೆಯಾಗಿರುತ್ತದೆ. ಇರುಮುಡಿ ಕಟ್ಟುವ ದಿನವಂತೂ ಯಾರಿಗೂ ನಿದ್ದೆ ಇಲ್ಲ. ವರ್ಷದಲ್ಲಿ ಅತಿ ಹೆಚ್ಚು ದಣಿದಿರುವ ದಿನವೇ ನಾವು ಅತಿ ದೂರದ ದಾರಿಗೆ ಗಾಡಿ ಹತ್ತುತ್ತೇವೆ. ಸುಮಾರು 1,500 ಕಿಲೋಮೀಟರ್.

ಲಾರಿ ಎಂದರೆ ಏನು ಎಂಬುದನ್ನು ಓಡಿಸಿದವನಾಗಿ ಹೇಳುತ್ತೇನೆ. ನಿಮ್ಮ ಕಾರಿನ ತೂಕ ಒಂದೂವರೆ ಟನ್ ಇರಬಹುದು. ಲೋಡ್ ಆದ ಹತ್ತು ಚಕ್ರದ ಲಾರಿ 25 ಟನ್ನಿಗಿಂತ ಹೆಚ್ಚು, ದೊಡ್ಡ ಟ್ರೇಲರ್ ಆದರೆ 40 ಟನ್ನನ್ನೂ ಮೀರುತ್ತದೆ. ಲಾರಿಯ ಹಿಂಭಾಗ ಎತ್ತರ. ಕಾರು ಗುದ್ದಿದಾಗ ಬಾನೆಟ್ ಅಡಿಗೆ ಹೋಗುತ್ತದೆ, ಲಾರಿಯ ಹಲಗೆಯಂಚು ನೇರ ಗಾಜಿಗೆ, ತಲೆಯ ಮಟ್ಟಕ್ಕೆ ಬರುತ್ತದೆ. ಅಲ್ಲಿ ಏರ್‌ಬ್ಯಾಗೂ ಹೆಚ್ಚು ನೆರವಾಗುವುದಿಲ್ಲ. ಇದಕ್ಕಾಗಿಯೇ ಲಾರಿಯ ಹಿಂದೆ ತಗ್ಗಿನಲ್ಲಿ ಅಡ್ಡ ಕಂಬಿ ಇರಬೇಕು, ಹೊಳೆಯುವ ರಿಫ್ಲೆಕ್ಟರ್ ಪಟ್ಟಿ ಇರಬೇಕು ಎಂದು ನಿಯಮವಿದೆ. ಕಂಬಿ ಬಾಗಿದ, ಪಟ್ಟಿಗೆ ಕೆಸರು ಮೆತ್ತಿದ ಲಾರಿಗಳು ನಮ್ಮ ವಡಾಲ ಟ್ರಕ್ ಟರ್ಮಿನಲ್ ಸುತ್ತ ಎಷ್ಟು ನಿಂತಿರುತ್ತವೆ, ನೀವೇ ನೋಡಿದ್ದೀರಿ.

80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 66 ಮೀಟರ್ ಡ್ರೈವರ್ ಇಲ್ಲದೆ ಓಡಿದಂತೆ. ಎಚ್ಚರವಾಗಿದ್ದರೂ, ಕಂಡು ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ ಸುಮಾರು 60 ಮೀಟರ್ ಬೇಕು. ಡಿಪ್ ಲೈಟಿನಲ್ಲಿ ಲೈಟಿಲ್ಲದ ಲಾರಿ ಕಾಣುವುದು ಸುಮಾರು 40-50 ಮೀಟರಿನಿಂದ. ಈ ಲೆಕ್ಕ ಬರೆದಿಟ್ಟುಕೊಳ್ಳಿ. ಶರಣು ಕೂಗಿದರೆ ಈ ದೂರ ಕಡಿಮೆಯಾಗುವುದಿಲ್ಲ. ವೇಗ ಇಳಿಸಿದರೆ ಕಡಿಮೆಯಾಗುತ್ತದೆ. ನಿದ್ದೆ ಮಾಡಿ ಹೊರಟರೆ ಕಣ್ಣು ತೆರೆದಿರುತ್ತದೆ. ಅಯ್ಯಪ್ಪ ನಮಗೆ ಕೊಟ್ಟ ರಕ್ಷೆ ಇದೇ.

ದೊಡ್ಡಪಾದದ ದಾರಿಯಲ್ಲಿ ನಡೆದವರಿಗೆ ಗೊತ್ತು. ಅಳುದಾ ದಾಟಿ ಕರಿಮಲೆ ಹತ್ತುವಾಗ ಕತ್ತಲಾದರೆ ಗುರುಸ್ವಾಮಿ ಮುಂದೆ ಬಿಡುವುದಿಲ್ಲ. ಆನೆ ಓಡಾಡುವ ಕಾಡು. ಅದು ಅಪನಂಬಿಕೆಯಲ್ಲ, ಅದೇ ಆ ದಾರಿಯ ನೇಮ. ಆನೆಯ ಬೆನ್ನ ಹಿಂದೆಯೇ ಹೋಗಬಾರದು, ಅದಕ್ಕೆ ನೀನು ಕಾಣಿಸುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಹೆದ್ದಾರಿಯ ಆನೆ ಲಾರಿ. ಅದರ ಬೆನ್ನ ಹಿಂದೆ, ಎಡ ಮಗ್ಗುಲಲ್ಲಿ, ಮೂತಿಯ ಕೆಳಗೆ ಇರುವುದು ಡ್ರೈವರಿಗೆ ಕಾಣಿಸುವುದಿಲ್ಲ. ಅವನ ಕನ್ನಡಿಯಲ್ಲಿ ನಿಮಗೆ ಅವನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ ಎಂದೇ ತಿಳಿಯಿರಿ.

ಕೆಲವೊಮ್ಮೆ ತಪ್ಪು ನಮ್ಮದಿರುವುದೂ ಇಲ್ಲ. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಒಂದು ಕಂಟೇನರ್ ಲಾರಿ ಡಿವೈಡರ್ ದಾಟಿ ಬಂದು, ಊರಿಗೆ ಹೊರಟಿದ್ದ ಕುಟುಂಬದ ಕಾರಿನ ಮೇಲೆಯೇ ಮಗುಚಿತು. 6 ಜನ ಹೋದರು. ಸುರಕ್ಷತೆಗೆ ಹೆಸರಾದ ದೊಡ್ಡ ಕಾರು. ನಮ್ಮ ಕೈ ಮೀರಿದ್ದನ್ನು ಸ್ವಾಮಿಯ ಪಾದಕ್ಕೆ ಬಿಡೋಣ. ನಮ್ಮ ಕೈಯಲ್ಲಿರುವುದನ್ನೂ ಅವನ ಮೇಲೆ ಹೊರಿಸುವುದು ಶರಣಾಗತಿಯಲ್ಲ, ಸೋಮಾರಿತನ.

ಮೆಟ್ಟಿಲು ಹತ್ತುವ ಮುನ್ನ ಎದುರಿಗೆ ಕಾಣುವ ಮಾತು "ತತ್ತ್ವಮಸಿ". ಅದು ನೀನೇ. ಮಾಲೆ ಹಾಕಿದ ಮೇಲೆ ಎದುರು ಬಂದವರನ್ನೆಲ್ಲ ಸ್ವಾಮಿ ಎನ್ನುತ್ತೇವೆ. ಹೆದ್ದಾರಿಗೆ ಬಂದ ಕೂಡಲೇ ಲಾರಿಯವನಿಗೆ ಹಾರ್ನ್ ಹೊಡೆದು ಬೈಯುತ್ತೇವೆ. ಅವನೂ ಎರಡು ರಾತ್ರಿ ಮಲಗಿರಲಿಕ್ಕಿಲ್ಲ. ಡ್ರೈವರನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಸಬಾರದು, 5 ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಆ ಕಾನೂನು ಇದೆ ಎಂದು ನನಗೆ ಗೊತ್ತಾದದ್ದು ಸ್ಟೇರಿಂಗ್ ಬಿಟ್ಟ ಮೇಲೆ. ಮುರಿದ ಕೈಯ ಆ ಗುರುಸ್ವಾಮಿ ತತ್ತ್ವಮಸಿಯನ್ನು ಗೋಡೆಯ ಮೇಲೆ ಓದಿ ಬಿಟ್ಟವರಲ್ಲ. ಆ ಕತ್ತಲಲ್ಲಿ ಅದನ್ನು ನಡೆಸಿ ತೋರಿಸಿದರು.

ಆದ್ದರಿಂದ ಈ ಮಂಡಲದಿಂದ ನಮ್ಮ ಶಿಬಿರದ ವ್ರತಕ್ಕೆ ಈ ನೇಮಗಳೂ ಸೇರಿವೆ. ಬೇರೆ ಊರಿನ ಸ್ವಾಮಿಗಳೂ ಇಷ್ಟವಾದರೆ ಪಾಲಿಸಿ.

ಒಂದು, ಸನ್ನಿಧಾನದಲ್ಲಿ ಹರಿವರಾಸನಂ ಹಾಡುವ ಹೊತ್ತಿಗೆ ನಮ್ಮ ಗಾಡಿಯೂ ನಿಲ್ಲಬೇಕು. ಬೆಳಗಾಗುವವರೆಗೆ ಹೊರಡಬಾರದು. ಛತ್ರ, ದೇವಸ್ಥಾನ, ಪೆಟ್ರೋಲ್ ಬಂಕ್ ಎಲ್ಲಾದರೂ ಸರಿ. ಮಂಜಿದ್ದರೆ ಬೆಳಗಾದ ಮೇಲೂ ಕಾಯಿರಿ.

ಎರಡು, ಸ್ಟೇರಿಂಗ್ ಹಿಡಿಯುವ ಸ್ವಾಮಿ ಹಿಂದಿನ ರಾತ್ರಿ ಏಳು ಗಂಟೆಯಾದರೂ ಮಲಗಿರಬೇಕು. ಅಂದಿನ ಭಜನೆಯಿಂದ ಅವನಿಗೆ ವಿನಾಯಿತಿ. ಅವನ ನಿದ್ದೆಯೇ ಅವನ ಪೂಜೆ. ಬಾಡಿಗೆ ಗಾಡಿಯ ಡ್ರೈವರಾದರೂ ಅವನನ್ನು ನಿಮ್ಮ ಪಂಕ್ತಿಯಲ್ಲೇ ಕೂರಿಸಿ ಊಟ ಹಾಕಿ, ಸೀಟಿನಲ್ಲಿ ಮುದುಡಿಸದೆ ಚಾಪೆ ಕೊಟ್ಟು ಮಲಗಿಸಿ.

ಮೂರು, ಮುಂದಿನ ಲಾರಿ ಒಂದು ಕಂಬ ದಾಟಿದ ಮೇಲೆ ನಿಧಾನವಾಗಿ ಮೂರು ಸಲ "ಸ್ವಾಮಿ ಶರಣಂ" ಎಂದು ಹೇಳಿ. ಅಷ್ಟರೊಳಗೆ ನೀವು ಆ ಕಂಬ ಮುಟ್ಟಿದರೆ ತೀರಾ ಹತ್ತಿರವಿದ್ದೀರಿ. ಎಡದಿಂದ ನುಗ್ಗಬೇಡಿ. ಘಾಟಿಯಲ್ಲಿ ಇಳಿಯುವ ಲಾರಿಯ ಮುಂದೆ ತೂರಬೇಡಿ, ಅದರ ಬ್ರೇಕ್ ಕಾದಿರುತ್ತದೆ.

ನಾಲ್ಕು, ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು. ಮಾಲೆ ಹಾಕಿದ ಕೈಗೆ ಬೆಲ್ಟ್ ಭಾರವಲ್ಲ.

ಐದು, ಗಾಡಿ ಕೆಟ್ಟರೆ ಪೂರ್ತಿ ರಸ್ತೆಯಿಂದ ಇಳಿಸಿ, ಇಂಡಿಕೇಟರ್ ಹಾಕಿ, ದೂರದಲ್ಲಿ ತ್ರಿಕೋನ ಫಲಕ ಇಡಿ. ಎಲ್ಲರೂ ಇಳಿದು ತಡೆಬೇಲಿಯಾಚೆ ನಿಲ್ಲಿ. 1033ಕ್ಕೆ ಫೋನ್ ಮಾಡಿ, ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಪೂಜೆಗೆ, ಅಡುಗೆಗೆ ಎಂದು ಹೆದ್ದಾರಿಯ ಅಂಚಿನಲ್ಲಿ ಒಲೆ ಹೂಡಬೇಡಿ. ಹೊರಡುವ ಮುನ್ನ ಗಾಡಿಗೆ ನಿಂಬೆಹಣ್ಣು ಕಟ್ಟುವಾಗಲೇ ಹಿಂದಿನ ಲೈಟು ಉರಿಯುತ್ತದೆಯೇ ನೋಡಿ. ಈ ಮಾತನ್ನು ನಾನು ಎಷ್ಟು ಸಂಕಟದಿಂದ ಬರೆಯುತ್ತಿದ್ದೇನೆ ಎಂದು ನಿಮಗೆ ಈಗ ಗೊತ್ತು.

ಭಾನುವಾರ ಆ ಏಳೂ ಹುಡುಗರನ್ನು ಕರೆದು ಕೂರಿಸಿದೆ. ಅವರ ಕಷ್ಟವೂ ಸುಳ್ಳಲ್ಲ. ರಜೆ ಸಿಕ್ಕಿರುವುದೇ ಕೆಲವು ದಿನ, ದಾರಿಯಲ್ಲಿ ಎರಡು ರಾತ್ರಿ ನಿಂತರೆ ಸಂಬಳ ಕಟ್. ನಾನು ಹೇಳಿದೆ: ರೈಲಿನಲ್ಲಿ ಹೋಗಿ ಕೊಟ್ಟಾಯಂನಲ್ಲೋ ಚೆಂಗನ್ನೂರಿನಲ್ಲೋ ಇಳಿಯಿರಿ. ಇಲ್ಲವೇ ಶನಿವಾರ ಬೆಳಿಗ್ಗೆ ಹೊರಟು ನಿಂತು ನಿಂತು ಹೋಗಿ. ಎರಡೂ ಆಗದಿದ್ದರೆ ಮುಂದಿನ ವರ್ಷ ಹೋಗಿ. ಸ್ವಾಮಿ ಬೆಟ್ಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ರಾತ್ರಿ ನಿಲ್ಲುತ್ತೇವೆ ಎಂದು ಮಾತು ಕೊಡದವರ ತಲೆಯ ಮೇಲೆ ಈ ಕೈಯಿಂದ ಇರುಮುಡಿ ಇಡುವುದಿಲ್ಲ. ಇಬ್ಬರು ತತ್ಕಾಲ್ ಟಿಕೆಟ್ಟಿಗೆ ಪ್ರಯತ್ನಿಸುತ್ತಿದ್ದಾರೆ. ನಾಲ್ವರು ಶನಿವಾರ ಬೆಳಿಗ್ಗೆಗೆ ಒಪ್ಪಿದ್ದಾರೆ. ಒಬ್ಬ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಇರಲಿ, ಬೈಯಲಿ. ಬೈಯಲು ಬದುಕಿರಲಿ.

ತುಪ್ಪದ ಕಾಯಿಯ ಅರ್ಥವನ್ನು ಪ್ರತಿ ವರ್ಷ ಹೇಳುತ್ತೇನೆ. ಕಾಯಿ ದೇಹ, ಒಳಗಿನ ತುಪ್ಪ ಜೀವ. ತುಪ್ಪ ಅಭಿಷೇಕಕ್ಕೆ ಸೇರುತ್ತದೆ, ಚಿಪ್ಪು ಆಳಿಯಲ್ಲಿ ಸುಡುತ್ತದೆ. ಆದರೆ ಅದು ಸನ್ನಿಧಾನ ಮುಟ್ಟಿದ ಮೇಲೆ. ಅಲ್ಲಿಯವರೆಗೆ ಆ ಕಾಯಿಯನ್ನು ಎಷ್ಟು ಜೋಪಾನವಾಗಿ ಒಯ್ಯುತ್ತೇವೆ! ಗಾಡಿಯಲ್ಲಿ ಕೂತ ಏಳು ಜನವೂ ಏಳು ತುಪ್ಪದ ಕಾಯಿಗಳು. ದಾರಿಯಲ್ಲಿ ಒಡೆಯಬಾರದು.

ಆ ತಾಯಿಗೆ ನಾನು ಕೊಡುವ ಉತ್ತರ ಇದು: ಅಮ್ಮ, ಅಯ್ಯಪ್ಪ ಖಂಡಿತ ಕಾಪಾಡುತ್ತಾನೆ. ಆದರೆ ನಿಮ್ಮ ಮಗ ರಾತ್ರಿ ಮಲಗಬೇಕು. ಅವನು ಮಲಗುವಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ.

ಇಂದು ರಾತ್ರಿ ಹರಿವರಾಸನಂ ಕೇಳುವಾಗ ರಸ್ತೆಯಲ್ಲಿರುವ ಎಲ್ಲ ಕಾರಿನ ಸ್ವಾಮಿಗಳಿಗೂ, ಎಲ್ಲ ಲಾರಿಯ ಸ್ವಾಮಿಗಳಿಗೂ ಒಂದು ಶರಣು ಹೇಳಿ. ನಿಮ್ಮ ಗುಂಪಿನಲ್ಲಿ ಗಾಡಿ ಓಡಿಸುವವರಿಗೆ ಇದನ್ನು ಕಳುಹಿಸಿ. ಮುಂದಿನ ಕಂತಿನಲ್ಲಿ ಪಡಿಪೂಜೆ.

ಅರಿತೋ ಅರಿಯದೆಯೋ ಮಾಡಿದ ಸಕಲ ಅಪರಾಧಗಳನ್ನು ಕ್ಷಮಿಸಿ ಕಾಪಾಡಪ್ಪ.

ಸ್ವಾಮಿಯೇ ಶರಣಂ ಅಯ್ಯಪ್ಪ.